ಹೊಸ ಹಾಡಿಗೊಬ್ಬ ಜಾಮೀನುದಾರ

ಹೀಥ್ರೋದಲ್ಲಿ ಇಳಿದು ಲಂಡನ್ನಿಗೆ ಹೋಗುವ ಕನ್ನಡಿಗರಲ್ಲಿ ಫೆಲ್ಥಮ್ ಎಂಬ ಹೆಸರು ಕೇಳಿದವರು ಕಡಿಮೆ. ವಿಮಾನ ನಿಲ್ದಾಣದಿಂದ ನಾಲ್ಕೈದು ಕಿಲೋಮೀಟರ್ ದೂರದ ಊರು ಇದು. ಹಿಂದೆ ಮಿಡ್ಲ್‌ಸೆಕ್ಸ್ ಕೌಂಟಿಗೆ ಸೇರಿತ್ತು, ಈಗ ಲಂಡನ್ ಮಹಾನಗರದ ಹೌನ್ಸ್‌ಲೋ ಬರೋಗೆ ಸೇರಿದೆ. ಒಂದು ಕಾಲಕ್ಕೆ ಇಲ್ಲಿ ತರಕಾರಿ ತೋಟಗಳಿದ್ದವು, ಗೂಡ್ಸ್ ರೈಲುಗಳನ್ನು ಜೋಡಿಸುವ ದೊಡ್ಡ ಯಾರ್ಡ್ ಇತ್ತು. ಈಗಿರುವುದು ಸಾಲು ಮನೆಗಳು, ಗೋದಾಮುಗಳು, ತಲೆಯ ಮೇಲೆ ಹಾರುವ ವಿಮಾನಗಳು. ನಾನು ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು. ಊರಿನಿಂದ ಬಂದ ನೆಂಟರಿಗೆ ತೋರಿಸಲು ಇಲ್ಲಿ ಏನೂ ಇಲ್ಲ ಎಂದು ಅಂದುಕೊಳ್ಳುವವರ ನಡುವೆ, ನಾನು ಮಾತ್ರ ಅವರನ್ನು ಗ್ಲ್ಯಾಡ್‌ಸ್ಟೋನ್ ಅವೆನ್ಯೂ ಎಂಬ ಬೀದಿಗೆ ಕರೆದುಕೊಂಡು ಹೋಗುತ್ತೇನೆ.

ಆ ಬೀದಿಯ ಒಂದು ಸಾಧಾರಣ ಮನೆಯ ಗೋಡೆಗೆ 2016ರ ಸೆಪ್ಟೆಂಬರ್ 1ರಂದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೀಲಿ ಫಲಕವೊಂದನ್ನು ಕೂರಿಸಿತು. ಅದರಲ್ಲಿರುವ ಹೆಸರು ಫ್ರೆಡಿ ಮರ್ಕ್ಯುರಿ. ಹುಟ್ಟಿದಾಗಿನ ಹೆಸರು ಫಾರೂಖ್ ಬುಲ್ಸಾರಾ. ಗುಜರಾತಿ ಮೂಲದ ಪಾರ್ಸಿ ಕುಟುಂಬ, ಹುಟ್ಟಿದ್ದು ಜಾಂಜಿಬಾರಿನಲ್ಲಿ, ಓದಿದ್ದು ನಮ್ಮ ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ. 1964ರಲ್ಲಿ ಜಾಂಜಿಬಾರಿನಲ್ಲಿ ಕ್ರಾಂತಿಯಾದಾಗ ಆ ಕುಟುಂಬ ಜೀವ ಉಳಿದರೆ ಸಾಕೆಂದು ಹೊರಟು ಫೆಲ್ಥಮಿಗೆ ಬಂದಿತು. ಆಗ ಹುಡುಗನಿಗೆ ಹದಿನೇಳು ವರ್ಷ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಇನ್ನೊಬ್ಬ ಹುಡುಗನಿದ್ದ. ಬ್ರಯನ್ ಮೇ. ಒಳ್ಳೆಯ ಗಿಟಾರು ಕೊಳ್ಳುವಷ್ಟು ದುಡ್ಡಿಲ್ಲದ್ದರಿಂದ 1963ರಲ್ಲಿ ಅವನು ಮತ್ತು ಅವನ ತಂದೆ ಹೆರಾಲ್ಡ್ ಸೇರಿ ಮನೆಯಲ್ಲೇ ಒಂದನ್ನು ಮಾಡಲು ಕುಳಿತರು. ಹಳೆಯ ಬೆಂಕಿಗೂಡಿನ ಮೇಲಿದ್ದ ಮರದ ಹಲಗೆ ಗಿಟಾರಿನ ಕತ್ತಾಯಿತು, ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳು ತಂತಿಯ ಬಿಗಿತ ಕಾದವು, ಅಮ್ಮನ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು ಸ್ವರಸ್ಥಾನಗಳ ಗುರುತಾದವು. ಆ ಗಿಟಾರನ್ನೇ ಅವರು ಮುಂದೆ ಲೋಕವೆಲ್ಲ ಸುತ್ತಿ ನುಡಿಸಿದರು. ಇಬ್ಬರೂ ಒಂದೇ ಊರಿನ ಹುಡುಗರಾದರೂ ಆಗ ಒಬ್ಬರಿಗೊಬ್ಬರು ಗೊತ್ತಿರಲಿಲ್ಲ. ಕಾಲೇಜಿನ ದಿನಗಳಲ್ಲಿ ಪರಿಚಯವಾಗಿ, 1970ರಲ್ಲಿ ಕ್ವೀನ್ ಎಂಬ ತಂಡ ಕಟ್ಟಿದರು.

ಇಷ್ಟನ್ನು ಹೇಳಿದರೆ ನೆಂಟರು ಫಲಕದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಬೇರೊಂದು ಪ್ರಶ್ನೆ ಏಳುತ್ತದೆ. ಗಿಟಾರು ಕುಟ್ಟುವ ಹುಡುಗರು ಆ ಕಾಲದಲ್ಲಿ ಇಂಗ್ಲೆಂಡಿನ ಬೀದಿ ಬೀದಿಗೂ ಇದ್ದರು. ಯಾರಿಗೂ ಗೊತ್ತಿಲ್ಲದ ಒಂದು ಊರಿನ, ಯಾರಿಗೂ ಗೊತ್ತಿಲ್ಲದ ಹುಡುಗರ ಹಾಡು, ಅದನ್ನು ಕೇಳಬೇಕೆಂದು ಯಾರೂ ಕಾಯದೇ ಇದ್ದಾಗ, ಜನರ ಕಿವಿಗೆ ಬಿದ್ದದ್ದು ಹೇಗೆ? ಮಧ್ಯದಲ್ಲಿ ಯಾರೋ ಒಬ್ಬರು ನಿಂತು "ಇದನ್ನು ಕೇಳಿ, ಇದು ಚೆನ್ನಾಗಿದೆ, ನಾನು ಹೇಳುತ್ತೇನಲ್ಲ" ಎಂದಿರಬೇಕು. ಸಾಲಕ್ಕೆ ಜಾಮೀನು ನಿಲ್ಲುವಂತೆ ಹಾಡಿಗೆ ಜಾಮೀನು ನಿಂತವರು. ಹಾಡಿದವರಿಗೆ ಫಲಕವಿದೆ, ಸಿನಿಮಾ ಇದೆ. ಜಾಮೀನು ನಿಂತವರ ಕತೆಯನ್ನು ಇಲ್ಲಿ ಸ್ವಲ್ಪ ಹೇಳಬೇಕೆಂದಿದ್ದೇನೆ. ಅದಕ್ಕೆ ಕಾರಣ ಫ್ರೆಡಿಯ ಮೇಲಿನ ಅಭಿಮಾನಕ್ಕಿಂತ ನಮ್ಮ ಕನ್ನಡದ ಚಿಂತೆ. ಅದು ಕೊನೆಗೆ ಬರುತ್ತದೆ.

ಬುಲ್ಸಾರಾ ಕುಟುಂಬ ಫೆಲ್ಥಮಿಗೆ ಬಂದ 1964ರಲ್ಲಿ ಬ್ರಿಟನ್ನಿನ ನೆಲದ ಮೇಲೆ ರೇಡಿಯೋ ಎಂದರೆ ಬಿಬಿಸಿ ಒಂದೇ. ಅದರ ಕೈಗೂ ಕಟ್ಟು ಬಿದ್ದಿತ್ತು. ರೆಕಾರ್ಡ್ ಕಂಪನಿಗಳು ಮತ್ತು ಸಂಗೀತಗಾರರ ಸಂಘದೊಂದಿಗಿನ ಒಪ್ಪಂದದ ಪ್ರಕಾರ ದಿನಕ್ಕೆ ಕೆಲವೇ ಗಂಟೆ ಮಾತ್ರ ಗ್ರಾಮಫೋನ್ ತಟ್ಟೆಗಳನ್ನು ಹಾಕಬಹುದಿತ್ತು. ರೆಕಾರ್ಡುಗಳನ್ನೇ ಹಾಕುತ್ತ ಕುಳಿತರೆ ವಾದ್ಯದವರಿಗೆ ಕೆಲಸವೆಲ್ಲಿ ಎಂಬುದು ಸಂಘದ ವಾದ. ಆದ್ದರಿಂದ ಉಳಿದ ಹೊತ್ತನ್ನು ತುಂಬಲು ಬಿಬಿಸಿ ತನ್ನ ಸ್ಟುಡಿಯೋಗೇ ತಂಡಗಳನ್ನು ಕರೆಸಿ ಹಾಡಿಸಬೇಕಾಗುತ್ತಿತ್ತು. ಸ್ಟುಡಿಯೋದ ಬಾಗಿಲಲ್ಲಿ ಪರೀಕ್ಷಾ ಮಂಡಳಿಯೊಂದು ಕುಳಿತಿರುತ್ತಿತ್ತು. 1965ರಲ್ಲಿ ಆ ಪರೀಕ್ಷೆಯಲ್ಲಿ ನಪಾಸಾದವರಲ್ಲಿ ಡೇವಿಡ್ ಬೋವಿ ಒಬ್ಬರು. ಮುಂದೆ ಅವರು ಏನಾದರೆಂಬುದು ಎಲ್ಲರಿಗೂ ಗೊತ್ತು. ಮಂಡಳಿಯವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ನಾಲ್ಕು ಜನ ಸೇರಿ ತೀರ್ಮಾನ ಮಾಡಬೇಕಾದಾಗ ನಾಲ್ವರಿಗೂ ಪರಿಚಿತವಾದದ್ದೇ ಗೆಲ್ಲುತ್ತದೆ. ಹೊಸದು ಸಾಮಾನ್ಯವಾಗಿ ಒಬ್ಬರಿಗೆ ಮಾತ್ರ ಹಿಡಿಸುತ್ತದೆ, ಅದೂ ಯಾಕೆಂದು ಅವರಿಗೇ ಹೇಳಲಾಗದಂತೆ.

1964ರ ಈಸ್ಟರ್ ಹೊತ್ತಿಗೇ ರೇಡಿಯೋ ಕ್ಯಾರೊಲಿನ್ ಎಂಬ ಹಡಗು ಇಂಗ್ಲೆಂಡಿನ ಕಡಲಗಡಿಯಾಚೆ ಲಂಗರು ಹಾಕಿ ಹಗಲೆಲ್ಲ ಪಾಪ್ ಹಾಡುಗಳನ್ನು ಬಿತ್ತರಿಸತೊಡಗಿತು. ಹಿಂದೆಯೇ ರೇಡಿಯೋ ಲಂಡನ್ ಎಂಬ ಇನ್ನೊಂದು ಹಡಗು ಬಂದಿತು. ಕಡಲ್ಗಳ್ಳ ರೇಡಿಯೋ ಎಂದೇ ಅವುಗಳಿಗೆ ಹೆಸರು. 1967ರ ಆಗಸ್ಟಿನಲ್ಲಿ ಸರಕಾರ ಕಾನೂನು ತಂದು ಅವುಗಳ ಕತ್ತು ಹಿಸುಕಿತು. ಆದರೆ ಜನರ ಕಿವಿಗೆ ರುಚಿ ಹತ್ತಿಬಿಟ್ಟಿತ್ತು. ಆ ಸೆಪ್ಟೆಂಬರ್ 30ರಂದು ಬಿಬಿಸಿ ತಾನೇ ರೇಡಿಯೋ 1 ಎಂಬ ಪಾಪ್ ಕೇಂದ್ರ ತೆರೆದು, ಹಡಗಿನಲ್ಲಿದ್ದವರನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಹಾಗೆ ಬಂದವರಲ್ಲಿ ಜಾನ್ ಪೀಲ್ ಒಬ್ಬರು. 2004ರಲ್ಲಿ ಪೆರು ದೇಶದ ಪ್ರವಾಸದಲ್ಲಿ ತೀರಿಕೊಳ್ಳುವ ತನಕ ಮೂವತ್ತೇಳು ವರ್ಷ ಅವರು ಅಲ್ಲೇ ಇದ್ದರು.

ಪೀಲ್ ಅವರ ಕಾರ್ಯಕ್ರಮ ಹೆಚ್ಚಾಗಿ ರಾತ್ರಿ ಹೊತ್ತು. ಗಂಟಲು ದೊಡ್ಡದು ಮಾಡಿ ಮಾತಾಡುವ ಅಭ್ಯಾಸ ಇರಲಿಲ್ಲ. ಮೆಲುದನಿಯಲ್ಲಿ, ಮನೆಯ ಜಗಲಿಯಲ್ಲಿ ಕೂತು ಹರಟುವವರಂತೆ ಮಾತು. ಕೆಲವೊಮ್ಮೆ ರೆಕಾರ್ಡನ್ನು ತಪ್ಪು ವೇಗದಲ್ಲಿ ಹಾಕಿ, ಅದನ್ನು ಒಪ್ಪಿಕೊಂಡು, ಮತ್ತೆ ಹಾಕುತ್ತಿದ್ದರು. ಊರೂರಿನ ಹುಡುಗರು ಕಳಿಸಿದ ಟೇಪುಗಳು ಮನೆ ತುಂಬ ಬಿದ್ದಿರುತ್ತಿದ್ದವು. ಅವರ ಕಾರ್ಯಕ್ರಮಕ್ಕಾಗಿ ಬಿಬಿಸಿ ಸ್ಟುಡಿಯೋದಲ್ಲಿ ಸುಮಾರು 2,000 ಕಲಾವಿದರು 4,000ಕ್ಕೂ ಹೆಚ್ಚು ಸಲ ಹಾಡಿದ್ದಾರೆ. ತಟ್ಟೆ ಹಾಕಬಾರದೆಂಬ ಹಳೆಯ ಕಟ್ಟುಪಾಡೇ ಹೊಸಬರಿಗೆ ಬಾಗಿಲಾದದ್ದು ಹೀಗೆ. ರೆಕಾರ್ಡೇ ಇಲ್ಲದವರೂ ರೇಡಿಯೋದಲ್ಲಿ ಕೇಳಿಬರಲು ಸಾಧ್ಯವಾಯಿತು.

ಕ್ವೀನ್ ತಂಡದ ಕತೆಯೂ ಅಲ್ಲಿಂದಲೇ ಶುರು. 1973ರ ಫೆಬ್ರವರಿ 5ರಂದು ಅವರು ಬಿಬಿಸಿಯ ಸ್ಟುಡಿಯೋಗೆ ಹೋಗಿ ನಾಲ್ಕು ಹಾಡು ಹಾಡಿದರು. ಹತ್ತು ದಿನಗಳ ನಂತರ ಜಾನ್ ಪೀಲ್ ಅವನ್ನು ಬಿತ್ತರಿಸಿದರು. ಆಗ ಕ್ವೀನ್‌ನ ಒಂದೇ ಒಂದು ತಟ್ಟೆಯೂ ಅಂಗಡಿಗೆ ಬಂದಿರಲಿಲ್ಲ. ಮೊದಲ ಆಲ್ಬಮ್ ಬಂದದ್ದು ಆ ಜುಲೈನಲ್ಲಿ. ಫೆಲ್ಥಮಿನ ಮನೆಗಳಲ್ಲಿ ಆ ಫೆಬ್ರವರಿಯ ರಾತ್ರಿ ರೇಡಿಯೋ ಹಚ್ಚಿದ್ದವರಿದ್ದರೆ, ತಮ್ಮ ಬೀದಿಯ ಹುಡುಗನ ದನಿ ಲೋಕಕ್ಕೆ ತಲುಪಿದ್ದನ್ನು ಕೇಳಿರಬಹುದು.

ಎರಡನೆಯ ಜಾಮೀನುದಾರ ಸ್ಥಳೀಯ ರೇಡಿಯೋದವರು. 1973ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ನೆಲದ ಮೇಲೆ ಮೊದಲ ಸಲ ಖಾಸಗಿ ಸ್ಥಳೀಯ ಕೇಂದ್ರಗಳಿಗೆ ಅನುಮತಿ ಸಿಕ್ಕಿ, ಲಂಡನ್ನಿಗೆ ಕ್ಯಾಪಿಟಲ್ ರೇಡಿಯೋ ಬಂದಿತು. ಅಲ್ಲಿ ಕೆನ್ನಿ ಎವೆರೆಟ್ ಎಂಬ ಕಿಲಾಡಿ ನಿರೂಪಕ ಇದ್ದರು. 1975ರಲ್ಲಿ ಕ್ವೀನ್ ತಂಡ 'ಬೊಹೀಮಿಯನ್ ರಾಪ್ಸೊಡಿ' ಮುದ್ರಿಸಿದಾಗ ಅದರ ಉದ್ದ ಹತ್ತಿರ ಹತ್ತಿರ ಆರು ನಿಮಿಷ. ರೇಡಿಯೋದಲ್ಲಿ ಮೂರು ನಿಮಿಷಕ್ಕಿಂತ ಉದ್ದದ ಹಾಡು ಓಡುವುದಿಲ್ಲ, ಕತ್ತರಿಸಿ ಎಂಬುದು ವ್ಯಾಪಾರ ಬಲ್ಲವರ ಸಲಹೆ. ಬಿಡುಗಡೆಗೆ ಮುಂಚೆಯೇ ಒಂದು ಪ್ರತಿ ಎವೆರೆಟ್ ಕೈಸೇರಿತು. ಹಾಕಬೇಡ ಎಂದು ಹೇಳಿ ಕೊಟ್ಟದ್ದು, ಹಾಕಲಿ ಎಂದೇ ಕೊಟ್ಟದ್ದು. ಮೊದಲು ಅಷ್ಟಿಷ್ಟು ತುಣುಕು ಕೇಳಿಸಿ ಜನರ ಬಾಯಲ್ಲಿ ನೀರೂರಿಸಿದರು, ಆಮೇಲೆ ಒಂದೇ ವಾರಾಂತ್ಯದಲ್ಲಿ ಹದಿನಾಲ್ಕು ಸಲ ಹಾಕಿದರು. ಸೋಮವಾರ ಜನ ಅಂಗಡಿಗೆ ಹೋಗಿ ಇನ್ನೂ ಬಾರದ ತಟ್ಟೆಯನ್ನು ಕೇಳತೊಡಗಿದರು. ಅಕ್ಟೋಬರ್ 31ರಂದು ಹಾಡು ಇಡಿಯಾಗಿ, ಕತ್ತರಿ ಬೀಳದೆ ಹೊರಬಂದಿತು. ಮುಂದೆ ಒಂಬತ್ತು ವಾರ ಅದು ಪಟ್ಟಿಯ ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಪತ್ರಿಕೆಯ ವಿಮರ್ಶಕರೂ ಆ ಕಾಲದಲ್ಲಿ ಕಡಿಮೆ ಬಲಶಾಲಿಗಳಾಗಿರಲಿಲ್ಲ. ಲಂಡನ್ನಿನ ಸಂಗೀತ ವಾರಪತ್ರಿಕೆಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದವು, ಅವುಗಳಲ್ಲಿ ಕ್ವೀನ್ ತಂಡವನ್ನು ಜರೆದವರೇ ಬಹಳ. ಆದರೆ ಅಚ್ಚಿನ ವಿಮರ್ಶೆ ಓದಿದವನು ಹಾಡು ಕೇಳಲು ಬಸ್ಸು ಹತ್ತಿ ಅಂಗಡಿಗೆ ಹೋಗಬೇಕು, ದುಡ್ಡು ಕೊಡಬೇಕು. ಅಷ್ಟರವರೆಗೆ ಅವನಿಗಿರುವುದು ವಿಮರ್ಶಕನ ಮಾತು ಮಾತ್ರ. ರೇಡಿಯೋದಲ್ಲಿ ಹಾಗಿಲ್ಲ. ಶಿಫಾರಸು ಮತ್ತು ಹಾಡು ಬೆನ್ನು ಬೆನ್ನಿಗೇ ಬರುತ್ತವೆ. "ಚೆನ್ನಾಗಿದೆ" ಎಂದವನ ಮಾತು ನಿಜವೋ ಸುಳ್ಳೋ ಮೂರು ನಿಮಿಷದೊಳಗೆ ಕೇಳುಗನೇ ತೀರ್ಮಾನಿಸುತ್ತಾನೆ. ಹತ್ತು ಸಲ ಹುಸಿ ಹೋದರೆ ಹನ್ನೊಂದನೆಯ ಸಲ ಗುಬುಟು ತಿರುಗಿಸಿಬಿಡುತ್ತಾನೆ. ಹೀಗಾಗಿ ರೇಡಿಯೋದ ವಿಮರ್ಶಕ ಪ್ರತಿ ರಾತ್ರಿಯೂ ತನ್ನ ಹೆಸರನ್ನು ಅಡವಿಡುತ್ತಾನೆ. ಆ ಅಡವಿನಿಂದಲೇ ಅವನ ಮಾತಿಗೆ ತೂಕ.

ಹೆಸರು ಮಾರಿಕೊಂಡವರೂ ಇದ್ದರು. ಅಮೆರಿಕದಲ್ಲಿ 1950ರ ದಶಕದ ಕೊನೆಗೆ ರೆಕಾರ್ಡ್ ಕಂಪನಿಗಳಿಂದ ದುಡ್ಡು ತಿಂದು ಹಾಡು ಹಾಕುತ್ತಿದ್ದ ನಿರೂಪಕರ ಹಗರಣ ಬಯಲಾಯಿತು. 'ರಾಕ್ ಅಂಡ್ ರೋಲ್' ಎಂಬ ಮಾತನ್ನು ಮನೆಮಾತು ಮಾಡಿದ ಅಲನ್ ಫ್ರೀಡ್ ಅವರಂಥವರೇ ಅದರಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡರು. ಜಾಮೀನುದಾರನೇ ಲಂಚ ತಿಂದಿದ್ದಾನೆಂದು ಗೊತ್ತಾದ ಮೇಲೆ ಅವನ ಸಹಿಗೆ ಯಾರು ಬೆಲೆ ಕೊಡುತ್ತಾರೆ?

ಕ್ವೀನ್ ದೊಡ್ಡ ಕಂಪನಿಯ ತಂಡವಾಯಿತು. ಆದರೆ ಪೀಲ್ ತೆರೆದ ಬಾಗಿಲು ಕಂಪನಿಯೇ ಇಲ್ಲದವರಿಗೂ ತೆರೆದೇ ಇತ್ತು. 1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡದವರು ಸಾಲ ಮಾಡಿ, ತಾವೇ ಹೆಸರಿಟ್ಟುಕೊಂಡ ಲೇಬಲಿನಲ್ಲಿ ಸಾವಿರ ತಟ್ಟೆ ಅಚ್ಚು ಹಾಕಿಸಿದರು. ಕಂಪನಿಯ ಹಂಗಿಲ್ಲದೆ ಹಾಡು ಹೊರತರಬಹುದು ಎಂಬುದು ಅಲ್ಲಿಂದ ಊರೂರಿನ ಹುಡುಗರಿಗೆ ಹೊಳೆಯಿತು. ಇಂಡಿಪೆಂಡೆಂಟ್ ಎಂಬುದನ್ನು ಮೊಟಕು ಮಾಡಿ 'ಇಂಡಿ' ಎಂದು ಕರೆದರು. ಹಾಡು ಅಚ್ಚಾಯಿತು ಸರಿ, ಕೇಳುವವರಾರು? 1978ರಲ್ಲಿ ಬೆಲ್‌ಫಾಸ್ಟಿನ ಒಂದು ಪುಟ್ಟ ರೆಕಾರ್ಡ್ ಅಂಗಡಿಯವರು ಅಂಡರ್‌ಟೋನ್ಸ್ ಎಂಬ ಹುಡುಗರ 'ಟೀನೇಜ್ ಕಿಕ್ಸ್' ಹಾಡನ್ನು ಹಿಡಿದುಕೊಂಡು ಲಂಡನ್ನಿನ ಕಂಪನಿಗಳ ಬಾಗಿಲು ತಟ್ಟಿ ಬರಿಗೈಯಲ್ಲಿ ಮರಳಿದರು. ಆ ಸೆಪ್ಟೆಂಬರಿನಲ್ಲಿ ಪೀಲ್ ಅದನ್ನು ಹಾಕಿ, ಮುಗಿದ ಕೂಡಲೇ ಮತ್ತೊಮ್ಮೆ ಹಾಕಿದರು. ಒಂದೇ ಹಾಡು ಒಂದರ ಹಿಂದೆ ಒಂದು ಎರಡು ಸಲ. ಅದಕ್ಕಿಂತ ದೊಡ್ಡ ವಿಮರ್ಶೆ ಯಾವುದು? ಹುಡುಗರ ಹಣೆಬರಹ ಬದಲಾಯಿತು. ಆ ಹಾಡಿನ ಒಂದು ಸಾಲು ಇಂದು ಸಫೋಕಿನ ಹಳ್ಳಿಯಲ್ಲಿರುವ ಪೀಲ್ ಅವರ ಸಮಾಧಿಯ ಕಲ್ಲಿನ ಮೇಲಿದೆ.

ನಮ್ಮ ಹೌನ್ಸ್‌ಲೋ ಕೂಡ ಆ ಸಾಲಿನಲ್ಲಿ ಬರುತ್ತದೆ. 1990ರ ದಶಕದಲ್ಲಿ ರೇಡಿಯೋ 1ರ ಸಂಜೆಯ ಕಾರ್ಯಕ್ರಮದಲ್ಲಿ ಸ್ಟೀವ್ ಲಮಾಕ್ ಮತ್ತು ಜೋ ವೈಲಿ ಗಿಟಾರು ತಂಡಗಳ ಹೊಸ ಹಾಡುಗಳನ್ನು ಹುಡುಕಿ ಹುಡುಕಿ ಹಾಕುತ್ತಿದ್ದ ಕಾಲ. ಹೌನ್ಸ್‌ಲೋ ಹುಡುಗರ ಬ್ಲೂಟೋನ್ಸ್ ತಂಡ ಹೊರಬಂದದ್ದು ಆಗಲೇ. 1996ರಲ್ಲಿ ಅವರ ಮೊದಲ ಆಲ್ಬಮ್ ದೇಶದ ಮೊದಲ ಸ್ಥಾನಕ್ಕೆ ಏರಿತು.

ಇಷ್ಟು ಹೊತ್ತು ಹೇಳಿದ್ದು ಬಿಳಿಯರ ಲೋಕದ ಕತೆ, ಫ್ರೆಡಿ ಒಬ್ಬರನ್ನು ಬಿಟ್ಟರೆ. ಅವರೂ ತಮ್ಮ ಹುಟ್ಟುಹೆಸರನ್ನು ಬಚ್ಚಿಟ್ಟೇ ವೇದಿಕೆ ಹತ್ತಿದವರು. ಹಾಗಾದರೆ ಪಶ್ಚಿಮ ಲಂಡನ್ನಿನ ನಮ್ಮವರು ಏನು ಕೇಳುತ್ತಿದ್ದರು?

1989ರ ನವೆಂಬರಿನಲ್ಲಿ ಪಕ್ಕದ ಸೌತಾಲಿನಿಂದ ಸನ್‌ರೈಸ್ ರೇಡಿಯೋ ಶುರುವಾಯಿತು. ದಿನದ ಇಪ್ಪತ್ನಾಲ್ಕು ಗಂಟೆಯೂ ಏಷ್ಯನ್ನರಿಗಾಗಿಯೇ ಒಂದು ಕೇಂದ್ರ. ಹೀಥ್ರೋದಲ್ಲಿ ರಾತ್ರಿ ಪಾಳಿ ಮಾಡುವವರಿಗೆ, ಅಂಗಡಿ ನಡೆಸುವವರಿಗೆ, ಮನೆಯಲ್ಲಿ ಒಂಟಿಯಾಗಿರುವ ಮುದುಕರಿಗೆ ಅದು ಊರಿನ ದನಿ. ಹಳೆಯ ಹಿಂದಿ ಹಾಡು, ಪಂಜಾಬಿ ಹಾಡು, ಊರ ಸುದ್ದಿ, ಮದುವೆ ಸಂಬಂಧದ ಜಾಹೀರಾತು. ಅದರ ಬೆಲೆಯನ್ನು ನಾನು ಕಡಿಮೆ ಎಣಿಸುವುದಿಲ್ಲ. ಪರದೇಶದಲ್ಲಿ ಮನಸ್ಸು ಕುಸಿಯದಂತೆ ಹಿಡಿದು ನಿಲ್ಲಿಸುವುದೂ ದೊಡ್ಡ ಕೆಲಸ. ಆದರೆ ಇಲ್ಲೇ ಹುಟ್ಟಿದ ಮಕ್ಕಳು ಹೊಸದಾಗಿ ಏನನ್ನೋ ಮಾಡುತ್ತಿದ್ದರು, ಅದಕ್ಕೆ ಬೇರೆ ಕಿವಿ ಬೇಕಿತ್ತು.

1991ರಲ್ಲಿ ತಜಿಂದರ್ ಸಿಂಗ್ ಮತ್ತು ಗೆಳೆಯರು ಕಾರ್ನರ್‌ಶಾಪ್ ಎಂಬ ತಂಡ ಕಟ್ಟಿದರು. ಇಂಡಿಯನ್ನರೆಂದರೆ ಮೂಲೆಯ ಅಂಗಡಿ ಇಟ್ಟವರು ಎಂಬ ಇಲ್ಲಿಯವರ ಕುಹಕವನ್ನೇ ಹೆಸರು ಮಾಡಿಕೊಂಡವರು. 1997ರಲ್ಲಿ ಅವರದೊಂದು ಹಾಡು ಬಂದಿತು, 'ಬ್ರಿಮ್‌ಫುಲ್ ಆಫ್ ಆಶಾ'. ಆ ಆಶಾ ನಮ್ಮ ಆಶಾ ಭೋಸಲೆ. ತೆರೆಯ ಹಿಂದೆ ನಿಂತು ಹಾಡುವ ಹಿನ್ನೆಲೆ ಗಾಯಕಿಯರಿಗೆ, ಮನೆಯಲ್ಲಿ ಸುತ್ತುವ ಪುಟ್ಟ ತಟ್ಟೆಗಳಿಗೆ ಸಲ್ಲಿಸಿದ ಗಿಟಾರಿನ ನಮಸ್ಕಾರ ಅದು. ಬಿಡುಗಡೆಯಾದಾಗ ಮಾರಾಟದ ಪಟ್ಟಿಯಲ್ಲಿ ಸಿಕ್ಕಿದ್ದು 60ನೆಯ ಸ್ಥಾನ. ಆದರೆ ಪೀಲ್ ಅವರ ಕೇಳುಗರು 1976ರಿಂದಲೂ ವರ್ಷದ ಕೊನೆಗೆ ತಮ್ಮ ಮೆಚ್ಚಿನ ಹಾಡುಗಳಿಗೆ ಮತ ಹಾಕುವ ಪದ್ಧತಿಯಿತ್ತು. 1997ರ ಆ ಮತದಾನದಲ್ಲಿ ಈ ಹಾಡಿಗೆ ಮೊದಲ ಸ್ಥಾನ ಬಂದಿತು. ಕೆಲವೇ ವಾರಗಳ ಬಳಿಕ, 1998ರ ಫೆಬ್ರವರಿಯಲ್ಲಿ, ನಾರ್ಮನ್ ಕುಕ್ ತಿದ್ದಿ ಹೊಸ ತಾಳ ಹಾಕಿದ ಅದೇ ಹಾಡು ಇಡೀ ದೇಶದ ಮೊದಲ ಸ್ಥಾನಕ್ಕೇರಿತು. ಹಾಡು ದೊಡ್ಡದಾಗಲು ಕುಣಿತದ ತಾಳ ಕಾರಣವಿರಬಹುದು. ಮೊದಲು ಗುರುತಿಸಿದ್ದು ಮಾತ್ರ ರಾತ್ರಿ ಹೊತ್ತು ಕಿವಿಗೊಟ್ಟು ಕೂರುವ ಕೇಳುಗರು. ಅವರ ಕಿವಿಯನ್ನು ಇಪ್ಪತ್ತು ವರ್ಷ ತಿದ್ದಿ ಬೆಳೆಸಿದ್ದು ಒಬ್ಬ ನಿರೂಪಕ.

2002ರಲ್ಲಿ ಹೌನ್ಸ್‌ಲೋದಲ್ಲೇ ಹುಟ್ಟಿದ ಬಾಬಿ ಫ್ರಿಕ್ಷನ್, ನಿಹಾಲ್ ಜೊತೆಗೂಡಿ ರೇಡಿಯೋ 1ರಲ್ಲಿ ಬ್ರಿಟಿಷ್ ಏಷ್ಯನ್ ಹುಡುಗರ ಹೊಸ ಸಂಗೀತವನ್ನು ಪರಿಚಯಿಸತೊಡಗಿದರು. ಅದೇ ವರ್ಷ ಬಿಬಿಸಿಯ ಏಷ್ಯನ್ ನೆಟ್‌ವರ್ಕ್ ಡಿಜಿಟಲ್ ರೇಡಿಯೋ ಮೂಲಕ ದೇಶಕ್ಕೆಲ್ಲ ಕೇಳಿಸತೊಡಗಿತು, ಇಂಡಿ ಹಾಡುಗಳಿಗೆ ಮನೆಯಾದ 6 ಮ್ಯೂಸಿಕ್ ಕೂಡ ಅದೇ ಮಾರ್ಚಿನಲ್ಲಿ ಹುಟ್ಟಿತು. ಎಂಟು ವರ್ಷಗಳ ನಂತರ, 2010ರಲ್ಲಿ, ಖರ್ಚು ಉಳಿಸಲು ಈ ಎರಡನ್ನೂ ಮುಚ್ಚುವ ಪ್ರಸ್ತಾಪ ಬಂದಿತು. ಅವಳಿ ಮಕ್ಕಳಂತೆ ಹುಟ್ಟಿದವಕ್ಕೆ ಅಪಾಯವೂ ಜೊತೆಯಲ್ಲೇ. ಕೇಳುಗರು ಬೀದಿಗಿಳಿದರು, ಪತ್ರ ಬರೆದರು, ಕಲಾವಿದರು ದನಿಗೂಡಿಸಿದರು. 6 ಮ್ಯೂಸಿಕ್ ಅದೇ ಜುಲೈನಲ್ಲಿ ಉಳಿಯಿತು, ಏಷ್ಯನ್ ನೆಟ್‌ವರ್ಕ್ ಮರುವರ್ಷ. ಲೆಕ್ಕದ ಪುಸ್ತಕದಲ್ಲಿ ಕಾಣದ ಲಾಭವೊಂದನ್ನು ಜನ ಕಂಡಿದ್ದರು ಎಂದೇ ಇದರ ಅರ್ಥ. 2007ರಲ್ಲಿ ಶುರುವಾದ 'ಬಿಬಿಸಿ ಇಂಟ್ರಡ್ಯೂಸಿಂಗ್' ಎಂಬ ವ್ಯವಸ್ಥೆಯೂ ಅದೇ ದಾರಿಯದು. ಯಾವ ಊರಿನ ಹುಡುಗಿಯಾದರೂ ತನ್ನ ಹಾಡನ್ನು ಕಳಿಸಬಹುದು, ಆಯಾ ಪ್ರದೇಶದ ಸ್ಥಳೀಯ ರೇಡಿಯೋದವರು ಕೇಳಿ, ಮೆಚ್ಚಿದರೆ ಹಾಕುತ್ತಾರೆ, ಇನ್ನೂ ಮೆಚ್ಚಿದರೆ ಲಂಡನ್ನಿಗೆ ದಾಟಿಸುತ್ತಾರೆ. 2023ರಲ್ಲಿ ಆ ಸ್ಥಳೀಯ ಕಾರ್ಯಕ್ರಮಗಳಿಗೂ ಕತ್ತರಿ ಬಿದ್ದು ಹಲವು ಒಂದರೊಳಗೊಂದು ಸೇರಿಹೋದವು.

ಇನ್ನು ನಮ್ಮ ಮನೆಯ ಮಾತು. ರೇಡಿಯೋ ವಿಷಯದಲ್ಲಿ ಕನ್ನಡಿಗರು ಹಿಂದೆ ಬಿದ್ದವರಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಇಡೀ ದೇಶದ ರೇಡಿಯೋಗೆ ಮುಂದೆ ಬಂದ 'ಆಕಾಶವಾಣಿ' ಎಂಬ ಹೆಸರು ಆ ಮನೆಯದು. ಒಬ್ಬ ಮೇಷ್ಟರ ಹುಚ್ಚಿನಿಂದ ಹುಟ್ಟಿದ ಕೇಂದ್ರ!

ಆದರೆ ಸರಕಾರದ ಆಕಾಶವಾಣಿ ನಡೆದದ್ದು ಮಂಡಳಿಗಳ ದಾರಿಯಲ್ಲಿ. ಶಾಸ್ತ್ರೀಯ ಸಂಗೀತಕ್ಕೆ ಹೊಂದುವುದಿಲ್ಲವೆಂದು 1940ರಿಂದ ಮೂರು ದಶಕ ಹಾರ್ಮೋನಿಯಂ ಪೆಟ್ಟಿಗೆಗೆ ಪ್ರವೇಶವಿರಲಿಲ್ಲ. 1952ರಿಂದ ಬಿ.ವಿ. ಕೇಸ್ಕರ್ ಮಂತ್ರಿಗಳಾಗಿದ್ದಾಗ ಸಿನಿಮಾ ಹಾಡುಗಳು ಕೀಳೆಂದು ದೂರವಾದವು. ಜನ ಸುಮ್ಮನೆ ಕೂರಲಿಲ್ಲ, ಗುಬುಟು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅಲ್ಲಿ ಅಮೀನ್ ಸಯಾನಿ ಇದ್ದರು. ಕೊನೆಗೆ 1957ರಲ್ಲಿ ಆಕಾಶವಾಣಿಯೇ ವಿವಿಧ ಭಾರತಿ ತೆರೆದು ಸಿನಿಮಾ ಹಾಡುಗಳನ್ನು ಒಳಗೆ ಕರೆದುಕೊಂಡಿತು. ಕಡಲ್ಗಳ್ಳ ಹಡಗುಗಳಿಗೆ ಸೋತು ಬಿಬಿಸಿ ರೇಡಿಯೋ 1 ತೆರೆದದ್ದಕ್ಕಿಂತ ಹತ್ತು ವರ್ಷ ಮೊದಲೇ ನಮ್ಮಲ್ಲಿ ಈ ನಾಟಕ ಆಗಿಹೋಗಿತ್ತು.

ಆಕಾಶವಾಣಿಯ ಋಣವನ್ನು ಮರೆಯುವಂತಿಲ್ಲ. ಆಡಿಷನ್, ಬಿ ದರ್ಜೆ, ಎ ದರ್ಜೆ ಎಂಬ ಏಣಿ ಕಠಿಣವಾಗಿತ್ತು, ಆದರೆ ಕವಿತೆಯನ್ನು ಹಾಡಾಗಿಸುವ ನಮ್ಮ ಸುಗಮ ಸಂಗೀತ ಮನೆಮನೆಗೆ ಹೋದದ್ದು ಅದೇ ಏಣಿ ಹತ್ತಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ, ಸಿನಿಮಾದ ಹಂಗಿಲ್ಲದ ಕನ್ನಡ ಹಾಡಿಗೂ ಜನ ದುಡ್ಡು ಕೊಡುತ್ತಾರೆಂದು ಸಾಬೀತಾಯಿತು. ನನ್ನ ದೃಷ್ಟಿಯಲ್ಲಿ ಅದು ನಮ್ಮ ಇಂಡಿ.

2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್ಎಂ ಕೇಂದ್ರ ರೇಡಿಯೋ ಸಿಟಿ ಬೆಂಗಳೂರಿನಲ್ಲೇ ಬಾಯಿ ತೆರೆಯಿತು. ಕೇಂದ್ರಗಳು ಹೆಚ್ಚಿದವು, ನಿಧಾನವಾಗಿ ಕನ್ನಡಕ್ಕೂ ತಿರುಗಿದವು. ಕನ್ನಡ ಎಂದರೆ ಬಹುಪಾಲು ಸಿನಿಮಾ ಹಾಡು ಎಂದಾಯಿತು. ಆದರೂ ಕಿಟಕಿಗಳು ಪೂರ್ತಿ ಮುಚ್ಚಿರಲಿಲ್ಲ. ಸ್ವರಾತ್ಮ ತಂಡದವರು ರೇಡಿಯೋ ಸಿಟಿ ನಡೆಸಿದ ಬ್ಯಾಂಡ್ ಸ್ಪರ್ಧೆಯಲ್ಲಿ ಗೆದ್ದು ನಾಲ್ಕು ಜನರ ಕಣ್ಣಿಗೆ ಬಿದ್ದರು. ರಘು ದೀಕ್ಷಿತ್ ಶಿಶುನಾಳ ಶರೀಫರ ಹಾಡುಗಳಿಗೆ ಗಿಟಾರು ಜೋಡಿಸಿ, ಲುಂಗಿ ಉಟ್ಟು ಗೆಜ್ಜೆ ಕಟ್ಟಿ ನಿಂತರು. 2010ರಲ್ಲಿ ಇಲ್ಲಿಯ ಬಿಬಿಸಿ ಟೀವಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರು ಹಾಡಿದರು, ಮರುವರ್ಷ 'ಸಾಂಗ್‌ಲೈನ್ಸ್' ಪತ್ರಿಕೆ ವರ್ಷದ ಹೊಸ ಪ್ರತಿಭೆ ಎಂದು ಪ್ರಶಸ್ತಿ ಕೊಟ್ಟಿತು. ಕನ್ನಡದ ಒಂದು ಅಕ್ಷರ ಬಾರದ ಇಂಗ್ಲಿಷ್ ವಿಮರ್ಶಕರು ಜಾಮೀನು ನಿಂತ ಮೇಲೆ ನಮ್ಮವರಲ್ಲಿ ಹಲವರು "ಓಹೋ, ನಮ್ಮ ಹುಡುಗ" ಎಂದು ತಿರುಗಿ ನೋಡಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನನ್ನ ಚಿಂತೆ ಇರುವುದು ಇಲ್ಲಿ. ಹೊರನಾಡಿನ ನಮ್ಮ ಯುಗಾದಿ, ರಾಜ್ಯೋತ್ಸವ, ದೀಪಾವಳಿಗಳಲ್ಲಿ ಹಾಡಿಗೆ ಕೊರತೆಯಿಲ್ಲ. ರಾಜಕುಮಾರ್ ಇದ್ದಾರೆ, ಎಸ್ಪಿಬಿ ಇದ್ದಾರೆ, ಅಶ್ವತ್ಥ್ ಇದ್ದಾರೆ. ನಾವು ದೇಶ ಬಿಟ್ಟ ವರ್ಷಕ್ಕೆ ಗಡಿಯಾರ ನಿಂತಿರುತ್ತದೆ. 1985ರಲ್ಲಿ ಬಂದವರಿಗೆ ಒಂದು ಪಟ್ಟಿ, 2005ರಲ್ಲಿ ಬಂದವರಿಗೆ ಇನ್ನೊಂದು. ಅವೆಲ್ಲ ಚಿನ್ನದಂಥ ಹಾಡುಗಳು, ನನಗೂ ಕಣ್ಣು ತುಂಬಿ ಬರುತ್ತದೆ. ಆದರೆ ಫೆಲ್ಥಮಿನಲ್ಲಿ ಹುಟ್ಟಿದ ಮಗುವಿಗೆ ಅದರಿಂದ ತಿಳಿಯುವುದು ಒಂದೇ ಮಾತು: ಕನ್ನಡವೆಂದರೆ ಅಪ್ಪ ಅಮ್ಮ ಚಿಕ್ಕವರಿದ್ದಾಗ ನಡೆದದ್ದು. ಆ ಭಾಷೆಯಲ್ಲಿ ಈ ವಾರ ಯಾರೋ ಒಬ್ಬರು, ತನಗಿಂತ ಐದಾರು ವರ್ಷ ದೊಡ್ಡವರು, ತನ್ನಂತೆಯೇ ಬೇಸರ, ಪ್ರೀತಿ, ಸಿಟ್ಟು ಇಟ್ಟುಕೊಂಡು ಹಾಡು ಕಟ್ಟುತ್ತಿದ್ದಾರೆ ಎಂಬುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಫೋನಿನಲ್ಲಿ ಎಲ್ಲವೂ ಸಿಗುತ್ತದಲ್ಲ ಎನ್ನುತ್ತಾರೆ. ಸಿಗುತ್ತದೆ, ಹುಡುಕಿದವರಿಗೆ. ಫೋನಿನ ಲೆಕ್ಕಾಚಾರ ನೀವು ನಿನ್ನೆ ಕೇಳಿದ್ದಕ್ಕೆ ಹತ್ತಿರವಾದುದನ್ನೇ ಇವತ್ತು ಮುಂದಿಡುತ್ತದೆ. ಕನ್ನಡ ಹಾಡನ್ನೇ ಕೇಳದ ಹುಡುಗನಿಗೆ ಅದು ಕನ್ನಡ ಹಾಡು ತಂದುಕೊಡಲು ಕಾರಣವೇ ಇಲ್ಲ. ಹಾಡು ಚೆನ್ನಾಗಿಲ್ಲದಿದ್ದರೆ ಅದರ ಹೆಸರೇನೂ ಕೆಡುವುದಿಲ್ಲ. ಅಡವಿಡಲು ಅದಕ್ಕೆ ಹೆಸರೇ ಇಲ್ಲ. ಪೀಲ್ ಆಗಲಿ, ಎವೆರೆಟ್ ಆಗಲಿ, ಅಮೀನ್ ಸಯಾನಿ ಆಗಲಿ, ಕೇಳುಗನಿಗೆ ಗೊತ್ತಿದ್ದ ದನಿಗಳು. "ಈ ಮನುಷ್ಯ ಹೇಳಿದ್ದಾನೆ, ಒಂದು ಸಲ ಕೇಳೋಣ" ಎಂಬ ಆ ಒಂದು ಸಲದ ಸಾಲ ಸಿಗುವುದು ಪರಿಚಿತ ದನಿಗೆ ಮಾತ್ರ.

ಇದಕ್ಕೆ ಬಿಬಿಸಿಯೇ ಬೇಕೆಂದಿಲ್ಲ. ನಮ್ಮ ಸುತ್ತಲಿನ ಏಳೆಂಟು ಮನೆಯವರು ತಿಂಗಳಿಗೊಮ್ಮೆ ಊಟಕ್ಕೆ ಸೇರುತ್ತೇವೆ. ಎರಡು ವರ್ಷದಿಂದ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಊಟಕ್ಕೆ ಎಲೆ ಹಾಕುವ ಮುಂಚೆ ಸರದಿಯಲ್ಲಿದ್ದವರು ಒಂದೇ ಒಂದು ಹೊಸ ಕನ್ನಡ ಹಾಡು ಹಾಕಬೇಕು. ಸಿನಿಮಾದ್ದಾಗಿರಬಾರದು, ಎರಡು ವರ್ಷಕ್ಕಿಂತ ಹಳೆಯದಾಗಿರಬಾರದು, ಹಾಕುವ ಮುಂಚೆ ಯಾಕೆ ಹಿಡಿಸಿತೆಂದು ಎರಡು ಮಾತು ಹೇಳಬೇಕು. ಹಾಡು ಮುಗಿಯುವ ತನಕ ಯಾರೂ ಮಾತಾಡಬಾರದು. ಆಮೇಲೆ ಬೈಯಬಹುದು. ಚೆನ್ನಾಗಿಯೇ ಬೈಯುತ್ತಾರೆ. "ಇದೂ ಒಂದು ಹಾಡಾ? ಮಾತಾಡಿದ ಹಾಗಿದೆ," ಎಂದು ಪಕ್ಕದ ಮನೆಯ ಶಾರದಮ್ಮನವರು ಒಂದು ರ‍್ಯಾಪ್ ಕೇಳಿ ಹೇಳಿದರು. ಅವರಿಗೆ ಎಪ್ಪತ್ತೆರಡು. ಮರುತಿಂಗಳು ಅವರ ಸರದಿ ಬಂದಾಗ ಮೊಮ್ಮಗನನ್ನು ಹಿಡಿದು ಕೂರಿಸಿಕೊಂಡು ಹುಡುಕಿ, ಶರೀಫರ ತತ್ವಪದವೊಂದನ್ನು ಗಿಟಾರಿಗೆ ಕೂರಿಸಿದ ಹುಡುಗಿಯ ಹಾಡು ತಂದರು. ಹಾಕುವ ಮುಂಚೆ ಅವರು ಹೇಳಿದ್ದು ಇಷ್ಟೇ: "ನಮ್ಮಮ್ಮ ಇದನ್ನ ಬೀಸೋಕಲ್ಲ ಮುಂದೆ ಹಾಡ್ತಿದ್ರು. ಈ ಹುಡುಗಿ ಸ್ವಲ್ಪ ಬೇರೆ ಥರ ಹೇಳ್ತಾಳೆ. ಆದರೆ ಸುಳ್ಳು ಹೇಳ್ತಿಲ್ಲ."

ಹಾಡು ಮುಗಿದ ಮೇಲೆ ನನ್ನ ಮಗಳು ಎದ್ದು ಹೋಗಿ, "ಅಜ್ಜಿ, ಅವಳ ಹೆಸರು ಹೇಗೆ ಬರೆಯೋದು?" ಎಂದು ಕೇಳಿದಳು. ಶಾರದಮ್ಮನವರು ಮೊಮ್ಮಗನ ಫೋನು ಕಸಿದುಕೊಂಡು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರ ಓದಿ ಹೇಳಿದರು. ಮಗಳು ಬರೆದುಕೊಂಡಳು, ಕನ್ನಡದಲ್ಲಿ, ಒತ್ತಕ್ಷರ ತಪ್ಪಾಗಿ. ಮುಂದಿನ ತಿಂಗಳ ಸರದಿ ಅವಳದು.